ಝೂಮ್ ಮಾಡಲು ಹೋಗಿ ತಲೆ ಸುತ್ತಿಸಿದ್ದು: ಕೀಫ್ರೇಮ್ ಜೊತೆ ನನ್ನ ಅನುಭವ

ನಾನು ಕೀಫ್ರೇಮ್ ಕಲಿತದ್ದು ಆಸೆಯಿಂದಲ್ಲ, ಬೈಸಿಕೊಂಡು. ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕುವುದು ಹೇಗೆ ಅಂತ ಸ್ಕ್ರೀನ್ ರೆಕಾರ್ಡ್ ಮಾಡಿ 12 ನಿಮಿಷದ ವಿಡಿಯೋ ಮಾಡಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗೇ ಕಾಣುತ್ತಿತ್ತು. ಅಕ್ಕ ಅದನ್ನು ಫೋನಿನಲ್ಲಿ ನೋಡಿ, "ಇರುವೆ ಸಾಲು ನೋಡಿದ ಹಾಗಿದೆ ಕಣೋ, ನೀನು ಯಾವ ಸೆಲ್ ಒತ್ತಿದೆ ಅಂತಾನೇ ಗೊತ್ತಾಗಲ್ಲ" ಅಂದಳು. ಸರಿ, ಝೂಮ್ ಮಾಡಿದರಾಯಿತು ಅಂದುಕೊಂಡು ರಾತ್ರಿಯೆಲ್ಲ ಕೂತು ನಲವತ್ತು ಕಡೆ ಝೂಮ್ ಹಾಕಿದೆ. ಮತ್ತೆ ತೋರಿಸಿದಾಗ "ಈಗ ದೋಣೀಲಿ ಕೂತ ಹಾಗಿದೆ" ಅಂದಳು. ಆ ದೋಣಿ ನಿಲ್ಲಿಸಲು ಎರಡು ವಾರ ಹಿಡಿಯಿತು.

ಕೀಫ್ರೇಮ್ ಅನ್ನುವ ಮಾತು ಬಂದಿದ್ದು ಕೈಯಲ್ಲಿ ಕಾರ್ಟೂನ್ ಬರೆಯುತ್ತಿದ್ದ ಕಾಲದಿಂದ. ಅನುಭವಿ ಕಲಾವಿದರು ಮುಖ್ಯ ಭಂಗಿಗಳನ್ನಷ್ಟೇ ಬರೆದುಕೊಡುತ್ತಿದ್ದರು, ನಡುವಿನ ಚಿತ್ರಗಳನ್ನು ಸಹಾಯಕರು ತುಂಬುತ್ತಿದ್ದರು. ಈಗ ಆ ಸಹಾಯಕರ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಈ ಹೊತ್ತಿಗೆ ಸ್ಕೇಲ್ (ಶೇಕಡಾ ಲೆಕ್ಕದಲ್ಲಿ ಚಿತ್ರದ ಗಾತ್ರ) 100, ಆ ಹೊತ್ತಿಗೆ 200 ಅಂತ ಎರಡು ಗುರುತು, ಅಂದರೆ ಎರಡು ಕೀಫ್ರೇಮ್, ಹಾಕಿದರೆ ಮಧ್ಯದ್ದನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಈ ಸಹಾಯಕನಿಗೆ ಸುಮ್ನೆ ಕೂರಲು ಬರುವುದಿಲ್ಲ. ಎರಡು ಗುರುತುಗಳ ಬೆಲೆ ಬೇರೆ ಬೇರೆ ಇದ್ದರೆ ಸಾಕು, ನಡುವೆ ಎಷ್ಟು ಹೊತ್ತಿದ್ದರೂ ಅಷ್ಟೂ ಹೊತ್ತು ಚಿತ್ರವನ್ನು ಅಲ್ಲಾಡಿಸುತ್ತಲೇ ಇರುತ್ತದೆ.

ನನ್ನ ದೊಡ್ಡ ತಪ್ಪು ಇಲ್ಲೇ ಇತ್ತು. 10ನೇ ಸೆಕೆಂಡಿನಲ್ಲಿ 100, 11ರಲ್ಲಿ 200, 25ರಲ್ಲಿ ಮತ್ತೆ 100 ಅಂತ ಮೂರು ಕೀಫ್ರೇಮ್ ಹಾಕುತ್ತಿದ್ದೆ. 25ರವರೆಗೆ ಚಿತ್ರ ದೊಡ್ಡದಾಗೇ ಇದ್ದು ಆಮೇಲೆ ಚಿಕ್ಕದಾಗುತ್ತದೆ ಅಂತ ನನ್ನ ಎಣಿಕೆ. ಆಗಿದ್ದೇನು? 11ರಲ್ಲಿ ದೊಡ್ಡದಾದ ತಕ್ಷಣವೇ ಕುಗ್ಗಲು ಶುರುವಾಗಿ 14 ಸೆಕೆಂಡು ತೆವಳುತ್ತಾ ವಾಪಸ್ ಬರುತ್ತಿತ್ತು. ನಿಲ್ಲಿಸಬೇಕೆಂದರೆ ನಾಲ್ಕು ಬೇಕು: 10ರಲ್ಲಿ 100, 11ರಲ್ಲಿ 200, 24ರಲ್ಲಿ ಇನ್ನೊಮ್ಮೆ ಅದೇ 200, 25ರಲ್ಲಿ 100. ಏನೂ ಬದಲಾಗದ ಕಡೆ ಕೀಫ್ರೇಮ್ ಯಾಕೆ ಬೇಕು ಅಂತ ನನ್ನ ತಲೆಗೆ ಹೋಗಲೇ ಇಲ್ಲ ಮೊದಲು. ಅದು ಬೇಕಾಗಿರುವುದೇ ಬದಲಾಗದಿರಲು.

ಇನ್ನೊಂದು ಸಣ್ಣ ತಪ್ಪು, ಆದರೆ ಗಂಟೆಗಟ್ಟಲೆ ತಿಂದಿದೆ. ಕೀಫ್ರೇಮ್ ಶುರು ಮಾಡಲು ಒಮ್ಮೆ ಸ್ಟಾಪ್‌ವಾಚ್ ಅಥವಾ ವಜ್ರದ ಗುರುತು ಒತ್ತಿದ ಮೇಲೆ ನೀವು ಸ್ಕೇಲ್ ಬದಲಿಸಿದಾಗಲೆಲ್ಲ ಪ್ಲೇಹೆಡ್ (ವಿಡಿಯೋದಲ್ಲಿ ಈಗ ಎಲ್ಲಿದ್ದೇವೆ ಅಂತ ತೋರಿಸುವ ಗೆರೆ) ಇದ್ದ ಜಾಗದಲ್ಲಿ ಹೊಸ ಕೀಫ್ರೇಮ್ ಬೀಳುತ್ತದೆ. ಹಳೆಯದನ್ನು ತಿದ್ದುತ್ತಿದ್ದೇನೆ ಅಂದುಕೊಂಡು ಒಂದು ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ಆಚೆ ನಿಂತು ತಿದ್ದಿರುತ್ತೀರಿ, ಪಕ್ಕಪಕ್ಕ ಎರಡು ಬೆಲೆ ಬಿದ್ದು ಚಿತ್ರ ಒಂದು ಕ್ಷಣ ಜರ್ಕ್ ಹೊಡೆಯುತ್ತದೆ. ಈಗ ನಾನು ಮೌಸ್‌ನಿಂದ ಎಳೆದು ಕೀಫ್ರೇಮ್ ಹತ್ತಿರ ಹೋಗುವುದೇ ಇಲ್ಲ. ಗುರುತಿನ ಎರಡೂ ಕಡೆ ಹಿಂದಿನದಕ್ಕೆ, ಮುಂದಿನದಕ್ಕೆ ಹಾರುವ ಪುಟ್ಟ ಬಾಣಗಳಿರುತ್ತವಲ್ಲ, ಅದನ್ನೇ ಒತ್ತುತ್ತೇನೆ.

ದೋಣಿಯ ಅಸಲಿ ಕಾರಣ ಬೇರೆ. ಪರದೆಯ ಮೂಲೆಯಲ್ಲಿರುವ ಬಟನ್ ತೋರಿಸಲು ಬರೀ ಸ್ಕೇಲ್ ಸಾಲದು, ಪೊಸಿಷನ್ (ಚಿತ್ರ ನಿಂತ ಜಾಗ) ಕೂಡ ಜರುಗಿಸಬೇಕು, ಅಂದರೆ ಝೂಮ್ ಜೊತೆ ಪ್ಯಾನ್. ನಾನು ಸ್ಕೇಲ್ ಮುಗಿದ ಮೇಲೆ "ಅಯ್ಯೋ ಬಟನ್ ಆಚೆ ಹೋಯ್ತಲ್ಲ" ಅಂತ ಸ್ವಲ್ಪ ಮುಂದೆ ಪೊಸಿಷನ್ ಕೀಫ್ರೇಮ್ ಹಾಕುತ್ತಿದ್ದೆ. ಚಿತ್ರ ಮೊದಲು ಉಬ್ಬುತ್ತಿತ್ತು, ಆಮೇಲೆ ಪಕ್ಕಕ್ಕೆ ಜಾರುತ್ತಿತ್ತು. ಸ್ಕೇಲ್‌ಗೆ ಈಸ್ (ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುವುದು) ಕೊಟ್ಟು ಪೊಸಿಷನ್‌ಗೆ ಕೊಡದೆ ಬಿಟ್ಟರೂ ಇದೇ ಕಥೆ, ಒಂದು ಮೆಲ್ಲಗೆ ಹೊರಡುತ್ತದೆ, ಇನ್ನೊಂದು ದಡಕ್ಕನೆ, ಹಾಗಾಗಿ ಬಟನ್ ನೇರ ಗೆರೆಯಲ್ಲಿ ಬರುವ ಬದಲು ಬಾಗಿಕೊಂಡು ಬರುತ್ತದೆ. ಎರಡೂ ಒಂದೇ ಫ್ರೇಮಿನಲ್ಲಿ ಶುರುವಾಗಿ, ಒಂದೇ ಫ್ರೇಮಿನಲ್ಲಿ ಮುಗಿದು, ಎರಡಕ್ಕೂ ಒಂದೇ ಥರದ ಈಸ್ ಇದ್ದರೆ ಪರದೆಯ ಮೇಲಿನ ಪ್ರತಿ ಚುಕ್ಕೆಯೂ ನೇರವಾಗಿ ಸಾಗುತ್ತದೆ. ಇಷ್ಟು ಮಾಡಿದ ದಿನವೇ ನನ್ನ ದೋಣಿ ಮುಕ್ಕಾಲು ಪಾಲು ನಿಂತಿತು.

ಉಳಿದ ಕಾಲು ಪಾಲು ಇನ್ನೂ ವಿಚಿತ್ರ. ಪ್ರೀಮಿಯರ್ ಪ್ರೋ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪೊಸಿಷನ್‌ಗೆ ಎರಡು ಥರದ ಇಂಟರ್‌ಪೊಲೇಷನ್ (ನಡುವಿನದನ್ನು ತುಂಬುವ ಲೆಕ್ಕ) ಇದೆ, ಒಂದು ಸಮಯದ್ದು (ಟೆಂಪೊರಲ್), ಇನ್ನೊಂದು ದಾರಿಯದ್ದು (ಸ್ಪೇಷಿಯಲ್). ದಾರಿ ತಾನಾಗಿಯೇ ಬೆಝಿಯರ್, ಅಂದರೆ ಬಾಗಿದ ಗೆರೆ, ಆಗಿರುತ್ತದೆ, ಹಾಗಾಗಿ ಒಂದೇ ಬೆಲೆಯ ಎರಡು ಕೀಫ್ರೇಮ್ ನಡುವೆ ನಿಂತಿರಬೇಕಾದ ಚಿತ್ರ ಕೂಡ ಮೆಲ್ಲಗೆ ಆಚೆ ಹೋಗಿ ವಾಪಸ್ ಬರಬಹುದು. ಕೀಫ್ರೇಮ್‌ಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ, ಸ್ಪೇಷಿಯಲ್ ಇಂಟರ್‌ಪೊಲೇಷನ್ ಅನ್ನು ಲೀನಿಯರ್ (ನೇರ) ಮಾಡಿದರೆ ಮುಗಿಯಿತು. ಈಸ್ ಇನ್, ಈಸ್ ಔಟ್ ಇರುವುದು ಟೆಂಪೊರಲ್ ಕೆಳಗೆ, ಅದನ್ನು ಹಾಗೇ ಇಟ್ಟುಕೊಳ್ಳಬಹುದು.

ಪೊಸಿಷನ್ ಎಷ್ಟು ಇಡಬೇಕು ಅಂತ ಅಂದಾಜಿನಲ್ಲಿ ಎಳೆದಾಡುವುದನ್ನೂ ಬಿಟ್ಟಿದ್ದೇನೆ. ಬಟನ್ ನಡುಮಧ್ಯದಿಂದ ಎಷ್ಟು ದೂರ ಇದೆಯೋ ಅದನ್ನು ಝೂಮ್‌ನಿಂದ ಗುಣಿಸಿ ಉಲ್ಟಾ ದಿಕ್ಕಿಗೆ ಜರುಗಿಸಿದರೆ ಸರಿಯಾಗಿ ಮಧ್ಯಕ್ಕೆ ಬರುತ್ತದೆ. 1920×1080 ಪಿಕ್ಸೆಲ್‌ನ ಟೈಮ್‌ಲೈನಿನಲ್ಲಿ (ಕ್ಲಿಪ್‌ಗಳನ್ನು ಜೋಡಿಸುವ ಜಾಗ) ಬಟನ್ ಮಧ್ಯದಿಂದ 440 ಪಿಕ್ಸೆಲ್ ಬಲಕ್ಕೆ, 240 ಮೇಲಕ್ಕೆ ಇದ್ದು, ಝೂಮ್ ಎರಡು ಪಟ್ಟು ಇದ್ದರೆ, ಚಿತ್ರವನ್ನು 880 ಎಡಕ್ಕೆ, 480 ಕೆಳಕ್ಕೆ ತರಬೇಕು. ಜಾಸ್ತಿ ಜರುಗಿಸಿದರೆ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದೆ. ಎರಡು ಪಟ್ಟು ಝೂಮ್‌ಗೆ ಮಿತಿ ಅಡ್ಡಕ್ಕೆ 960, ಉದ್ದಕ್ಕೆ 540. ಶೇ 120ಕ್ಕೆ ಅಡ್ಡಕ್ಕೆ ಬರೀ 192. ಚಿಕ್ಕ ಝೂಮ್ ಇಟ್ಟುಕೊಂಡು ಮೂಲೆಯನ್ನು ಮಧ್ಯಕ್ಕೆ ತರಲು ಆಗುವುದಿಲ್ಲ, ತರಬೇಕಾಗಿಯೂ ಇಲ್ಲ. ಬಟನ್ ಓದುವಷ್ಟು ದೊಡ್ಡದಾಗಿ ಕಂಡರೆ ಸಾಕು, ನಡುಮಧ್ಯ ಬೇಕು ಅನ್ನುವುದು ನಮ್ಮ ಹಠ ಅಷ್ಟೇ.

ಮಸುಕಿನ ವಿಷಯ. 1080ಪಿ ರೆಕಾರ್ಡಿಂಗನ್ನು 1080ಪಿ ಟೈಮ್‌ಲೈನಿನಲ್ಲಿ ಎರಡು ಪಟ್ಟು ಮಾಡಿದರೆ ಅಕ್ಷರ ಮಸುಕಾಗದೆ ಇನ್ನೇನಾಗುತ್ತದೆ? 4ಕೆ, ಅಂದರೆ 3840×2160ರಲ್ಲಿ ರೆಕಾರ್ಡ್ ಮಾಡಿದರೆ ಎರಡು ಪಟ್ಟಿನವರೆಗೆ ಒಂದು ಪಿಕ್ಸೆಲ್ಲೂ ನಷ್ಟವಿಲ್ಲ. ನನ್ನ ಮೊದಲ ಪ್ರಯತ್ನದಲ್ಲಿ 4ಕೆ ಇದ್ದೂ ಮಸುಕಾಗಿತ್ತು. ನಾನು ಬಳಸುತ್ತಿದ್ದ ಪ್ರೀಮಿಯರ್ ಆವೃತ್ತಿಯಲ್ಲಿ ಸ್ಕೇಲ್ ಟು ಫ್ರೇಮ್ ಸೈಝ್, ಸೆಟ್ ಟು ಫ್ರೇಮ್ ಸೈಝ್ ಅಂತ ಎರಡು ಆಯ್ಕೆ ಇದ್ದವು. ಮೊದಲನೆಯದು ಚಿತ್ರವನ್ನು ಟೈಮ್‌ಲೈನ್ ಗಾತ್ರಕ್ಕೆ ಇಳಿಸಿಬಿಡುತ್ತದೆ, ಆಮೇಲೆ ಝೂಮ್ ಮಾಡಿದರೆ ಇಳಿಸಿದ್ದನ್ನೇ ಉಬ್ಬಿಸುತ್ತದೆ. ಎರಡನೆಯದು ಸ್ಕೇಲ್ ಬೆಲೆಯನ್ನಷ್ಟೇ ಬದಲಿಸುತ್ತದೆ, ಮೂಲ ಪಿಕ್ಸೆಲ್‌ಗಳು ಉಳಿಯುತ್ತವೆ. ಹೆಸರು ಓದದೆ ಮೇಲಿದ್ದದ್ದನ್ನು ಒತ್ತಿದ್ದೆ.

ವೇಗಕ್ಕೆ ಬಂದರೆ, ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ನನ್ನ ಝೂಮ್ 30 ಎಫ್‌ಪಿಎಸ್‌ಗೆ (ಸೆಕೆಂಡಿಗೆ 30 ಫ್ರೇಮ್) 15ರಿಂದ 20 ಫ್ರೇಮ್, ಮತ್ತು ಮೌಸ್ ಅಲ್ಲಿಗೆ ತಲುಪುವ ಮುಂಚೆಯೇ ಮುಗಿದಿರುತ್ತದೆ. ಮಾತು ಬಂದ ಮೇಲೆ ಝೂಮ್ ಬಂದರೆ ನೋಡುವವರು ಅಷ್ಟರಲ್ಲಿ ಕಣ್ಣಲ್ಲಿ ಹುಡುಕಲು ಶುರು ಮಾಡಿರುತ್ತಾರೆ. ಸ್ಥಿರ ಫೋಟೋಗಳ ವಿಷಯ ಪೂರ್ತಿ ಬೇರೆ, ಅಲ್ಲಿ 5-6 ಸೆಕೆಂಡಿಗೆ 100ರಿಂದ 108 ಸಾಕು. ಸಾಕ್ಷ್ಯಚಿತ್ರಗಾರ ಕೆನ್ ಬರ್ನ್ಸ್ ಹೆಸರಿನಲ್ಲಿ ಕರೆಯುವ ಎಫೆಕ್ಟ್ ಇದೇ. ಫೈನಲ್ ಕಟ್‌ನಲ್ಲಿ ಕ್ರಾಪ್ ಕೆಳಗೆ ಅದೇ ಹೆಸರಿನಲ್ಲಿದೆ, ಡಾವಿಂಚಿ ರಿಸಾಲ್ವ್‌ನಲ್ಲಿ ಡೈನಮಿಕ್ ಝೂಮ್ ಅಂತ, ಹಸಿರು ಚೌಕ ಶುರು, ಕೆಂಪು ಕೊನೆ. ಒಂದು ಝೂಮ್‌ಗಾದರೆ ಕೀಫ್ರೇಮ್ ಮುಟ್ಟದೆ ಇದರಲ್ಲೇ ಮುಗಿಸಿ ಅಂತ ನಾನು ಹೇಳುತ್ತೇನೆ.

ದೊಡ್ಡ ಝೂಮ್ ಮಾಡುವವರು ಒಂದು ಗಮನಿಸಿ. 100ರಿಂದ 400ಕ್ಕೆ ಸಮ ವೇಗದಲ್ಲಿ ಹೋದರೂ ಶುರುವಿನಲ್ಲಿ ನುಗ್ಗಿದಂತೆ, ಕೊನೆಯಲ್ಲಿ ಸುಸ್ತಾದಂತೆ ಕಾಣುತ್ತದೆ. 100 ಹೋಗಿ 110 ಆದಾಗ ಚಿತ್ರ ಶೇ 10 ಬೆಳೆಯುತ್ತದೆ, 390 ಹೋಗಿ 400 ಆದಾಗ ಶೇ 2.5ರಷ್ಟು ಮಾತ್ರ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದಕ್ಕೆಂದೇ ಎಕ್ಸ್‌ಪೊನೆನ್ಶಿಯಲ್ ಸ್ಕೇಲ್ ಇದೆ. ಬೇರೆ ಕಡೆ ನಾನು ನಡುವೆ 200ರ ಒಂದು ಕೀಫ್ರೇಮ್ ಅನ್ನು ಸರಿಯಾಗಿ ಅರ್ಧ ಸಮಯಕ್ಕೆ ಇಡುತ್ತೇನೆ, ಎರಡೂ ಅರ್ಧದಲ್ಲಿ ಚಿತ್ರ ಎರಡೆರಡು ಪಟ್ಟು ಆಗುವುದರಿಂದ ಸುಮಾರು ಸರಿ ಹೋಗುತ್ತದೆ.

ಈಗ ಕೀಫ್ರೇಮ್‌ಗಳನ್ನು ಕ್ಲಿಪ್ ಮೇಲೆಯೇ ಹಾಕುವುದು ಕಡಿಮೆ. ಕ್ಲಿಪ್ ಕತ್ತರಿಸಿದರೆ ಅವು ಕಣ್ಣಿಗೆ ಕಾಣದ ಭಾಗದಲ್ಲಿ ಉಳಿದುಬಿಡುತ್ತವೆ, ಹುಡುಕಿ ಸಾಕಾಗುತ್ತದೆ. ಮೇಲಿನ ಟ್ರ್ಯಾಕಿನಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್ (ಕೆಳಗಿನ ಕ್ಲಿಪ್‌ಗಳಿಗೆ ಎಫೆಕ್ಟ್ ತಾಗಿಸುವ ಖಾಲಿ ಪದರ) ಹಾಕಿ, ಅದಕ್ಕೆ ಗಾತ್ರ, ಜಾಗ ಬದಲಿಸುವ ಟ್ರಾನ್ಸ್‌ಫಾರ್ಮ್ ಎಫೆಕ್ಟ್ ಕೊಟ್ಟು, ಕೀಫ್ರೇಮ್‌ಗಳನ್ನು ಅಲ್ಲಿ ಹಾಕಿದರೆ ಕೆಳಗಿನ ಕ್ಲಿಪ್ ಎಷ್ಟು ಕತ್ತರಿಸಿದರೂ ಝೂಮ್ ತನ್ನ ಜಾಗದಲ್ಲಿರುತ್ತದೆ. ಬೇರೆ ಕಡೆ ಬೇಕಾದಾಗ ಲೇಯರನ್ನೇ ಕಾಪಿ ಮಾಡಿ ಪೊಸಿಷನ್ ಒಂದನ್ನೇ ಬದಲಿಸುತ್ತೇನೆ. ಆದರೆ 4ಕೆ ಲಾಭ ಇಲ್ಲಿ ಸಿಗದೇ ಹೋಗಬಹುದು, ಪ್ರೀಮಿಯರ್‌ನಲ್ಲಿ ಲೇಯರ್‌ಗೆ ತಲುಪುವುದು ಟೈಮ್‌ಲೈನ್ ಗಾತ್ರಕ್ಕೆ ಇಳಿದ ಚಿತ್ರ. ಅಕ್ಷರ ತುಂಬಾ ಸಣ್ಣದಿದ್ದ ಕಡೆ ಕ್ಲಿಪ್ ಮೇಲೆಯೇ ಹಾಕುತ್ತೇನೆ.

ಆ ಸ್ಪ್ರೆಡ್‌ಶೀಟ್ ವಿಡಿಯೋವನ್ನು ಮತ್ತೆ ಮಾಡಿದೆ, ನಲವತ್ತು ಝೂಮ್ ಇದ್ದದ್ದು ಒಂಬತ್ತಕ್ಕೆ ಇಳಿಯಿತು. ಅದರಲ್ಲಿ ಅರ್ಧ ಇಳಿದದ್ದು ಎಡಿಟಿಂಗಿನಿಂದಲ್ಲ. ರೆಕಾರ್ಡ್ ಮಾಡುವ ಮುಂಚೆ ಸ್ಪ್ರೆಡ್‌ಶೀಟನ್ನೇ ಶೇ 150ಕ್ಕೆ ದೊಡ್ಡದು ಮಾಡಿಕೊಂಡು ಕೂತೆ.