ನಗಿಸಿದ್ದಕ್ಕೆ ಎಷ್ಟು ಕೊಡ್ತಾರೆ?

ನಮ್ಮ ಮಂಡ್ಯದ ಕಡೆ ನಾಟಕ ಆಡಬೇಕು ಅಂದ್ರೆ ಪಾರ್ಟು ಮಾಡುವವನೇ ದುಡ್ಡು ಕೊಡಬೇಕು. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಊರಲ್ಲಿ ಕುರುಕ್ಷೇತ್ರ ಆಡೋದು ಅಂತ ಆದರೆ ಒಂದೊಂದು ಪಾರ್ಟಿಗೂ ಒಂದೊಂದು ರೇಟು. ಕೃಷ್ಣ, ದುರ್ಯೋಧನ ಜಾಸ್ತಿ. ವಿದುರ, ಸಾತ್ಯಕಿ ಕಮ್ಮಿ. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಮೈಕು, ಹೆಣ್ಣು ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಆಗಬೇಕು. ನಮ್ಮಪ್ಪ ಭೀಮನ ಪಾರ್ಟಿಗೆ ಅಂತ ಒಂದು ಹಸು ಮಾರಿದ್ದರು. ಅವರು ಗದೆ ಹಿಡಿದು ನಿಂತಾಗ ಸೋದರಮಾವ ಸ್ಟೇಜ್ ಹತ್ತಿ ಹತ್ತು ರೂಪಾಯಿ ನೋಟಿನ ಹಾರ ಹಾಕಿದರು. ಅವ್ವ ಕೆಳಗೆ ಕೂತಲ್ಲೇ ನೋಟು ಎಣಿಸಿದಳು. ಹಸುವಿನ ಒಂದು ಕಾಲಿನ ಬೆಲೆಯೂ ಹುಟ್ಟಲಿಲ್ಲ ಅಂತ ಇವತ್ತಿಗೂ ಹೇಳುತ್ತಾಳೆ.

ಹಾಗಾಗಿ 2017ರಲ್ಲಿ ನಾನು ಟಿವಿ ಕಾಮಿಡಿ ಶೋಗೆ ಸೆಲೆಕ್ಟ್ ಆದೆ ಅಂದಾಗ ಅಪ್ಪ ಕೇಳಿದ ಮೊದಲ ಮಾತು, "ಎಷ್ಟು ಕಟ್ಬೇಕಂತ್ಲಾ?"

"ಕಟ್ಟೋದಲ್ಲಪ್ಪ, ಅವರೇ ಕೊಡ್ತಾರೆ."

"ನಿಂಗಾ?"

ಈಗ ಊರೂರಲ್ಲಿ ಕಾರ್ಯಕ್ರಮ ಮುಗಿಸಿ ಕಾರು ಹತ್ತುವಾಗ ಯಾರಾದರೊಬ್ಬ ಹುಡುಗ ಬಂದೇ ಬರುತ್ತಾನೆ. "ಅಣ್ಣ, ಟಿವಿಲಿ ಎಷ್ಟು ಬರುತ್ತೆ?" ಮೆಲ್ಲಗೆ ಕೇಳುತ್ತಾನೆ. ಅಲ್ಲಿ ನಿಂತು ಹೇಳೋಕೆ ಆಗಲ್ಲ. ಇಲ್ಲಿ ಹೇಳುತ್ತೇನೆ. ಇದು ನನ್ನೊಬ್ಬನ ಲೆಕ್ಕ, ಹೆಸರು ಮಾಡಿದ ದೊಡ್ಡವರ ಲೆಕ್ಕ ಬೇರೆಯೇ ಇರುತ್ತದೆ.

ಡಿಗ್ರಿ ಓದಿದ್ದು ಮೈಸೂರಲ್ಲಿ. ಓದಿದ್ದು ಅಂದರೆ ಕಾಲೇಜಿಗಿಂತ ಕಲಾಮಂದಿರದ ಸುತ್ತ ಇದ್ದದ್ದೇ ಜಾಸ್ತಿ. ಪಕ್ಕದಲ್ಲೇ ರಂಗಾಯಣ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು. ಅಲ್ಲಿನ ಕಲಾವಿದನೇನೂ ಆಗಿರಲಿಲ್ಲ ನಾನು, ಬಹುರೂಪಿ ನಾಟಕೋತ್ಸವದಲ್ಲಿ ಕುರ್ಚಿ ಜೋಡಿಸಿದ್ದೇನೆ, ಅಷ್ಟೇ. ಒಂದು ಹವ್ಯಾಸಿ ತಂಡದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದೆ. ಕೈಗೆ ಕಾಸು ಬರುತ್ತಿದ್ದದ್ದು ಬೀದಿನಾಟಕದಿಂದ. ಶೌಚಾಲಯ ಕಟ್ಟಿಸಿ, ಮಕ್ಕಳಿಗೆ ಲಸಿಕೆ ಹಾಕಿಸಿ ಅಂತ ಊರೂರು ಸುತ್ತಿ ತಮಟೆ ಹೊಡೆದರೆ ಒಂದು ಪ್ರದರ್ಶನಕ್ಕೆ 300 ರೂಪಾಯಿ, ಮಧ್ಯಾಹ್ನ ಅನ್ನ ಸಾಂಬಾರು.

2016ರಲ್ಲಿ ಜೀ ಕನ್ನಡದಲ್ಲಿ ಕಾಮಿಡಿ ಕಿಲಾಡಿಗಳು ಶುರುವಾಯಿತು. ಕೆ.ಆರ್. ಪೇಟೆ ಶಿವರಾಜ್ ಮನೆಮಾತಾದರು. ನಮ್ಮ ಜಿಲ್ಲೆಯ ಒಬ್ಬ, ನಮ್ಮ ಥರಾನೇ ಮಾತಾಡೋನು, ಟಿವಿಯಲ್ಲಿ! ಆಮೇಲೆ ಟೀ ಅಂಗಡಿಯಲ್ಲಿ ನಾಲ್ಕು ಜನರನ್ನು ನಗಿಸುವ ಪ್ರತಿಯೊಬ್ಬನೂ ಆಡಿಷನ್‌ಗೆ ಹೊರಟ. ನಾನೂ ಹೊರಟೆ. ಮೂರು ಕಡೆ ಕೊಟ್ಟೆ. ನಾಲ್ಕನೆಯದು ಕೈ ಹಿಡಿಯಿತು. ಯಾವ ಚಾನೆಲ್ ಅನ್ನೋದು ಬೇಡ ಬಿಡಿ.

ಮೊದಲ ರೇಟು ಒಂದು ಎಪಿಸೋಡಿಗೆ 2,500. ಕೇಳಿ ಖುಷಿಯಾಯಿತು. ಎಪಿಸೋಡಿಗೆ ಅಂದರೆ ಏನು ಅಂತ ಆಗ ಗೊತ್ತಿರಲಿಲ್ಲ. ನಾಲ್ಕು ದಿನ ರಿಹರ್ಸಲ್, ಒಂದು ದಿನ ಶೂಟಿಂಗ್, ಎಲ್ಲ ಸೇರಿ ಒಂದು ಎಪಿಸೋಡ್. ಭಾಗಿಸಿದರೆ ದಿನಕ್ಕೆ 500. ನಮ್ಮೂರಲ್ಲಿ ಆಗ ಗಾರೆ ಕೆಲಸದವರಿಗೆ 600 ಇತ್ತು. ಅದೂ ಟೆಲಿಕಾಸ್ಟ್ ಆದರೆ ಮಾತ್ರ. ಎಡಿಟಿಂಗಲ್ಲಿ ಸ್ಕಿಟ್ ಹಾರಿಹೋದರೆ ದುಡ್ಡೂ ಹಾರಿಹೋಯಿತು. ರೂಮು, ಊಟ, ಮೇಕಪ್, ಕಾಸ್ಟ್ಯೂಮ್ ಅವರದ್ದು. ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬರುವುದು ನನ್ನದು.

ಆ ನಾಲ್ಕು ದಿನದಲ್ಲಿ ಏನು ನಡೆಯುತ್ತೆ ಅಂತ ಒಂದು ಸ್ಕಿಟ್ ಹಿಡಿದು ಹೇಳುತ್ತೇನೆ. ನನಗೆ ಹೆಸರು ತಂದದ್ದು ಹಾಲಿನ ಡೇರಿ ಸ್ಕಿಟ್. ನಾನೇ ಬರೆದದ್ದು. ಬೆಳಗ್ಗೆ ಆರಕ್ಕೆ ರೈತ ಕ್ಯಾನು ಹಿಡಿದು ಡೇರಿಗೆ ಬರುತ್ತಾನೆ. ಸೆಕ್ರೆಟರಿ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾನೆ. ಡಿಗ್ರಿ ಬರಲ್ಲ. ಹಾಲಿಗೆ ನೀರು ಬೆರೆತಿದೆ ಅಂತ ಇಬ್ಬರಿಗೂ ಗೊತ್ತು. "ಏನಪ್ಪ ಇದು, ನೀರು?" ಅಂತಾನೆ. ರೈತ ಹೇಳುತ್ತಾನೆ, "ಅಸು ನೆಂದೋಗಿತ್ತು ಸೆಕ್ರೆಟ್ರಿ, ನಿನ್ನೆ ಮಳೇಲಿ."

ಮೊದಲ ದಿನ ಈ ಮಾತಿಗೆ ರಿಹರ್ಸಲ್ ರೂಮಲ್ಲಿ ಒಬ್ಬರೂ ನಗಲಿಲ್ಲ. ನನಗೋ ಇದೇ ಸ್ಕಿಟ್ಟಿನ ಪ್ರಾಣ ಅನ್ನೋ ನಂಬಿಕೆ. ನಮಗೆ ಕಲಿಸುತ್ತಿದ್ದ ಡೈರೆಕ್ಟರ್ ಹಳೇ ರಂಗಭೂಮಿಯವರು. "ನೆಂದದ್ದನ್ನ ಮೊದಲೇ ಹೇಳಿಬಿಟ್ಟೆಯಲ್ಲೋ, ಆಮೇಲೆ ಮಳೆ ಬಂದು ಏನು ಮಾಡ್ಬೇಕು?" ಅಂದರು. ಮಾತು ತಿರುಗಿಸಿದೆವು. "ನಿನ್ನೆ ಮಳೆ ಬತ್ತಲ್ಲ ಸೆಕ್ರೆಟ್ರಿ..." ಇಲ್ಲಿ ನಿಲ್ಲಬೇಕು. ಸೆಕ್ರೆಟರಿ ಕ್ಯಾನು ನೋಡಬೇಕು. ಮೇಲೆ ಶೀಟು ನೋಡಬೇಕು, ಸೋರುತ್ತಿದೆಯಾ ಅಂತ. ಆಮೇಲೆ ನನ್ನ ಮುಖ ನೋಡಬೇಕು. ಆಗ ನಾನು ತಲೆ ಬಗ್ಗಿಸಿ, "ಅಸು ನೆಂದೋಗದೆ." ಮಾತು ಅವೇ. ಕ್ಯಾಮೆರಾದವರೂ ನಕ್ಕರು. ಆ ನಿಲ್ಲೋದು ಎಷ್ಟು ಹೊತ್ತು ಅಂತ ಹಿಡಿಯೋಕೆ ಒಂದಿಡೀ ಮಧ್ಯಾಹ್ನ ಬೇಕಾಯಿತು. ಒಂದು ಉಸಿರು ಜಾಸ್ತಿಯಾದರೆ ಜನ ತಾವೇ ಉತ್ತರ ಊಹಿಸಿಬಿಡುತ್ತಾರೆ.

ಹನ್ನೊಂದು ನಿಮಿಷದ ಸ್ಕಿಟ್ ಏಳು ನಿಮಿಷಕ್ಕೆ ಇಳಿಯಿತು. ಕತ್ತರಿಸಿದ್ದು ನೋವಾದರೂ ಒಳ್ಳೇದೇ ಆಯಿತು. ಆದರೆ ಸೇರಿಸು ಅಂತ ಬಂದ ಕೆಲವು ಸಲಹೆಗಳು ಇದ್ದವಲ್ಲ, ಅವು ಬೇರೆ ಥರ. ಸೆಕ್ರೆಟರಿ ಹೆಂಡತಿ ದಪ್ಪ ಅಂತ ಒಂದು ಜೋಕು. ಹಾಲಿನ ಮೇಲೆ ಡಬಲ್ ಮೀನಿಂಗ್ ಒಂದು. ಮತ್ತೆ "ಮಂಡ್ಯ ಸ್ಲ್ಯಾಂಗ್ ಇನ್ನೂ ಸ್ವಲ್ಪ ಹೊಡೀರಿ" ಅನ್ನೋದು ಪ್ರತಿ ವಾರವೂ ಇದ್ದದ್ದೇ. ಅವರ ಪ್ರಕಾರ ಮಂಡ್ಯ ಸ್ಲ್ಯಾಂಗ್ ಅಂದರೆ ಎರಡು ಮಾತಿಗೊಂದು ಬೈಗುಳ. ನಮ್ಮ ಡೇರಿ ಮುಂದೆ ಬೆಳಗ್ಗೆ ಆರಕ್ಕೆ ನಿಂತು ನೋಡಿ. ಬೈಗುಳ ಇರಲ್ಲ ಅಂತಲ್ಲ, ಆದರೆ ನಗು ಬರೋದು ಅದಕ್ಕಲ್ಲ. ಸುಳ್ಳನ್ನ ಅಷ್ಟು ವಿನಯವಾಗಿ ಹೇಳುತ್ತಾರಲ್ಲ, ಅದಕ್ಕೆ. ಮೂರರಲ್ಲಿ ಎರಡು ಸಲಹೆ ಒಪ್ಪಿಕೊಳ್ಳಲಿಲ್ಲ. ಒಂದು ಒಪ್ಪಿಕೊಂಡೆ. ಯಾವುದು ಅಂತ ಕೇಳಬೇಡಿ, ಈಗಲೂ ನಾಚಿಕೆಯಾಗುತ್ತೆ.

ಶೂಟಿಂಗ್ ಮುಗಿಯುತ್ತಿದ್ದದ್ದು ರಾತ್ರಿ ಎರಡಕ್ಕೋ ಮೂರಕ್ಕೋ. ಕಿವಿ ಹಿಂದೆ ಮೇಕಪ್ ಹಾಗೇ ಉಳಿದಿರುತ್ತಿತ್ತು. ಬೆಳಗಿನ ಮೊದಲ ರೈಲು ಹಿಡಿದು ಮಂಡ್ಯಕ್ಕೆ. ಒಂದು ಸಲ ಮದ್ದೂರು ವಡೆ ಮಾರುವವನು ಗುರುತು ಹಿಡಿದ. "ಸಾ, ಡೇರಿ ಅಲ್ವಾ ನೀವು?" ಅಂದ. ಹೌದು ಅಂದೆ. ಬೋಗಿಯನ್ನೊಂದು ಸಲ, ನನ್ನನ್ನೊಂದು ಸಲ ನೋಡಿದ. "ಮತ್ತೆ ರೈಲಲ್ಲಿ?"

ಮೊದಲ ಸೀಸನ್ ಐದು ತಿಂಗಳು, 20 ಸ್ಕಿಟ್, 50,000 ರೂಪಾಯಿ. ಅದರಲ್ಲಿ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದರು. ಟಿಡಿಎಸ್ ಅಂದರೆ ಅವರ ಕಮಿಷನ್ ಅಂದುಕೊಂಡಿದ್ದೆ! ಅದು ಮುಂಚೆಯೇ ಹಿಡಿದ ಆದಾಯ ತೆರಿಗೆ, ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತೆ ಅಂತ ಆಡಿಟರ್ ಒಬ್ಬರು ಹೇಳುವ ಹೊತ್ತಿಗೆ ಆ ವರ್ಷದ ಗಡುವು ಮುಗಿದಿತ್ತು. 5,000 ರೂಪಾಯಿ ಹಾಗೇ ಹೋಯಿತು. ಪ್ಯಾನ್ ಕಾರ್ಡ್ ಇರುವ ಯಾವ ಕಲಾವಿದನಾದರೂ ಸರಿ, ಆದಾಯ ಎಷ್ಟೇ ಕಮ್ಮಿ ಇರಲಿ, ಜುಲೈ ಒಳಗೆ ರಿಟರ್ನ್ಸ್ ಹಾಕಿಬಿಡಿ. ನಾಳೆ ಬ್ಯಾಂಕಲ್ಲಿ ಸಾಲ ಕೇಳಿದರೆ ಸಂಬಳದ ಚೀಟಿ ಬದಲು ಅದನ್ನೇ ಕೇಳುತ್ತಾರೆ. ಟಿವಿಯಲ್ಲಿ ನಿಮ್ಮನ್ನು ನೋಡಿ ಎದ್ದು ನಿಂತು ಕೈ ಕುಲುಕಿದ ಮ್ಯಾನೇಜರೇ ಕೇಳುತ್ತಾರೆ.

ದುಡ್ಡು ಬರುವ ದಾರಿಯಂತೂ ಕೇಳಬೇಡಿ. ಸ್ಕಿಟ್ ಪ್ರಸಾರ ಆದ ಮೇಲೆ ಬಿಲ್ ಕೊಡಬೇಕು. ಬಿಲ್ ಕೊಟ್ಟ ಮೇಲೆ 90 ದಿನ. 90 ದಿನ ಆದ ಮೇಲೆ "ಅಕೌಂಟ್ಸ್‌ನವರು ರಜೆ". ಅಪ್ಪ ಅಳೆಯುತ್ತಿದ್ದದ್ದು ಡೇರಿ ಲೆಕ್ಕದಲ್ಲಿ. ನಮ್ಮೂರ ಡೇರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. "ಅಸೀಗೆ ಹದ್ನೈದು ದಿನುಕ್ಕೆ ಕೊಡ್ತಾರೆ, ನಿಂಗೆ ನಾಕು ತಿಂಗ್ಳಾ?" ಅನ್ನುತ್ತಿದ್ದರು.

ಇನ್ನು ಅಗ್ರಿಮೆಂಟು. ಸಹಿ ಹಾಕುವಾಗ ಓದಲಿಲ್ಲ, ಫೋಟೋ ತೆಗೆಸಿಕೊಂಡೆ. ಬರೆದ ಸ್ಕಿಟ್ಟಿನ ಹಕ್ಕೆಲ್ಲ ಅವರಿಗೆ. ಸೀಸನ್ ಮುಗಿದ ಮೇಲೂ ಆರು ತಿಂಗಳು ಬೇರೆ ಚಾನೆಲ್ಲಿಗೆ ಹೋಗುವ ಹಾಗಿಲ್ಲ. ಡೇರಿ ಸ್ಕಿಟ್ಟಿನ ತುಣುಕು ಯೂಟ್ಯೂಬಲ್ಲಿ ಲಕ್ಷಗಟ್ಟಲೆ ಜನ ನೋಡಿದರು. ಮರುಪ್ರಸಾರ ಎಷ್ಟು ಸಲ ಆಯಿತೋ. ನನಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ತಪ್ಪು ಅವರದ್ದು ಅಂತ ಹೇಳಲಾರೆ. ಬರೆದುಕೊಟ್ಟಿದ್ದು ನಾನೇ ಅಲ್ವಾ.

ಹಾಗಾದರೆ ಹೊಟ್ಟೆ ತುಂಬಿದ್ದು ಎಲ್ಲಿಂದ? ಸ್ಟೇಜಿಂದ. ಗಣೇಶನ ಹಬ್ಬದಿಂದ ಶುರುವಾದರೆ ದಸರಾ ದಾಟಿ ರಾಜ್ಯೋತ್ಸವದವರೆಗೆ ನಮಗೆ ಸುಗ್ಗಿ. ನವೆಂಬರ್ ಒಂದನೇ ತಾರೀಕು ಒಂದು ದಿನ ಅಂತ ಕ್ಯಾಲೆಂಡರಿನಲ್ಲಿದೆ. ನಮ್ಮ ಕಡೆ ಅದು ತಿಂಗಳಿಡೀ ನಡೆಯುತ್ತದೆ. ಆಷಾಢ, ಪಿತೃಪಕ್ಷದಲ್ಲಿ ಫೋನೇ ರಿಂಗಾಗಲ್ಲ. ಆರ್ಕೆಸ್ಟ್ರಾ ನಡುವೆ ಹದಿನೈದು ನಿಮಿಷ ಮಾಡಿದ ಮೊದಲ ಕಾರ್ಯಕ್ರಮಕ್ಕೆ 3,000 ಕೊಟ್ಟರು. ಎರಡನೇ ಸೀಸನ್ ಹೊತ್ತಿಗೆ 12,000 ಆಗಿತ್ತು.

2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗಿನ ನೋಟ್‌ಬುಕ್ ಇನ್ನೂ ಇದೆ. ಟಿವಿ, 24 ಸ್ಕಿಟ್, ತಲಾ 6,000 ದಂತೆ 1,44,000. ಟಿಡಿಎಸ್ ಕಳೆದು ಕೈಗೆ 1,29,600. ಸ್ಟೇಜು, 38 ಕಾರ್ಯಕ್ರಮ, ಒಟ್ಟು 4,56,000. ಊರವರ ಕಿವಿಗೆ ಬಿದ್ದದ್ದು ಈ ಅಂಕಿ ಮಾತ್ರ. ಇದರಲ್ಲಿ ಜೊತೆಗಾರ ಕಲಾವಿದನಿಗೆ 1,52,000. ಕಾರು, ಡೀಸೆಲ್‌ಗೆ 95,000. ಕಾರ್ಯಕ್ರಮ ಹಿಡಿದುಕೊಡುವ ಕೋಆರ್ಡಿನೇಟರ್‌ಗೆ ಹತ್ತು ಪರ್ಸೆಂಟ್, 45,600. ನನಗೆ ಉಳಿದದ್ದು 1,63,400. ಸಿನಿಮಾದಲ್ಲಿ ಹೀರೋ ಹಿಂದೆ ನಿಂತ ಒಂಬತ್ತು ದಿನಕ್ಕೆ 27,000. ಎಲ್ಲ ಕೂಡಿದರೆ 3,20,000. ತಿಂಗಳಿಗೆ 26 ಸಾವಿರ ಚಿಲ್ಲರೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಆ ವರ್ಷ ಮಾತ್ರ ರಿಟರ್ನ್ಸ್ ಹಾಕಿ 14,400 ವಾಪಸ್ ತರಿಸಿಕೊಂಡೆ.

ಲೆಕ್ಕಕ್ಕೆ ಸಿಗದ ಖರ್ಚು ಬೇರೆ. ಮುಖ ಗುರುತಾದ ಮೇಲೆ ಮದುವೆ ಮನೆಯಲ್ಲಿ ನೂರು ರೂಪಾಯಿ ಮುಯ್ಯಿ ಮಾಡೋಕೆ ಆಗಲ್ಲ, ಐನೂರು ಆಗಬೇಕು. ತರಕಾರಿ ಚೌಕಾಸಿ ಮಾಡಿದರೆ "ನೀವೂ ಹಿಂಗಂದ್ರೆ ಹೆಂಗೆ ಸಾ" ಅನ್ನುತ್ತಾರೆ.

ನೋಟ್‌ಬುಕ್ಕಲ್ಲಿ ಇಲ್ಲದ ಎರಡು ಕಾರ್ಯಕ್ರಮ ಇವೆ. ದುಡ್ಡೇ ಬರಲಿಲ್ಲ. ಒಂದು ಕಡೆ ರಾತ್ರಿ ಒಂದು ಗಂಟೆಗೆ ಇಳಿದು ಬಂದರೆ, ಅಧ್ಯಕ್ಷರು ಊಟಕ್ಕೆ ಹೋಗಿದ್ದಾರೆ ಅಂದರು. ಎರಡಕ್ಕೆ ಕೇಳಿದರೂ ಊಟಕ್ಕೆ ಹೋಗಿದ್ದಾರೆ. ಮೂರಕ್ಕೆ ಶಾಮಿಯಾನ ಬಿಚ್ಚುವವರೂ ಅವರನ್ನೇ ಹುಡುಕುತ್ತಿದ್ದರು. ಅವತ್ತಿಂದ ಅರ್ಧ ದುಡ್ಡು ಮುಂಗಡ, ಇನ್ನರ್ಧ ಮೇಕಪ್ ಹಾಕುವ ಮುಂಚೆ. ಶುರುವಿನಲ್ಲಿ ಕೇಳೋಕೆ ಮುಜುಗರ ಆಗುತ್ತಿತ್ತು. ಈಗ ಆಗಲ್ಲ. ಮುಂಗಡ ಕೊಡದವರು ಆಮೇಲೂ ಕೊಡಲ್ಲ.

ಆ ಮಾರ್ಚಲ್ಲೇ ಲಾಕ್‌ಡೌನ್ ಬಂತು. ಶೂಟಿಂಗ್ ನಿಂತಿತು. ಆ ವರ್ಷ ಗಣೇಶನ ಮುಂದೆ ಆರ್ಕೆಸ್ಟ್ರಾನೂ ಇಲ್ಲ. ಮಂಡ್ಯದ ಬಾಡಿಗೆ ಮನೆ ಬಿಟ್ಟು ಊರಿಗೆ ಹೋದೆ. ಎರಡು ಹಸು ಇದ್ದವು. ಮಾಸ್ಕ್ ಹಾಕಿಕೊಂಡು ಕ್ಯಾನು ಹಿಡಿದು ಡೇರಿ ಮುಂದೆ ಸಾಲಲ್ಲಿ ನಿಂತೆ. ಸೆಕ್ರೆಟರಿ ಲ್ಯಾಕ್ಟೋಮೀಟರ್ ಬಿಟ್ಟ. ನೋಡಿದ. ಮೇಲೆ ಶೀಟು ನೋಡಿದ. ನನ್ನ ಮುಖ ನೋಡಿದ. "ನೆಂದೋಗಿತ್ತಾ?" ಅಂದ. ಸಾಲೆಲ್ಲ ನಕ್ಕಿತು. ಅವನ ಟೈಮಿಂಗ್ ನನಗಿಂತ ಚೆನ್ನಾಗಿತ್ತು. ಹದಿನೈದನೇ ದಿನಕ್ಕೆ ಬಟವಾಡೆ ಕೈಗೆ ಬಂತು.

ಈಗ ಮತ್ತೆ ಟಿವಿಗೆ ಹೋಗುತ್ತೇನೆ, ಆದರೆ ರೇಟಿಗಾಗಿ ಅಲ್ಲ. ವರ್ಷಕ್ಕೊಂದು ಸಲ ಮುಖ ಕಾಣದಿದ್ದರೆ ಸ್ಟೇಜಿನವರು ಮರೆತುಬಿಡುತ್ತಾರೆ. ಹಸು ಎರಡಿದ್ದದ್ದು ನಾಲ್ಕಾಗಿವೆ. ಅಗ್ರಿಮೆಂಟು ಓದಿಯೇ ಸಹಿ ಹಾಕುತ್ತೇನೆ. ಆರು ತಿಂಗಳ ಕಟ್ಟು ಮೂರಕ್ಕೆ ಇಳಿಸಿಕೊಂಡೆ. ಸ್ಕಿಟ್ಟಿನ ಹಕ್ಕು ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ ಅವರು.

ಹೋದ ತಿಂಗಳು ಊರಲ್ಲಿ ಮತ್ತೆ ಕುರುಕ್ಷೇತ್ರ ಅಂತ ತೀರ್ಮಾನವಾಯಿತು. ಡ್ರಾಮಾ ಮೇಷ್ಟ್ರು ಮನೆಗೇ ಬಂದರು. ಶಕುನಿ ಪಾರ್ಟು ನೀವೇ ಮಾಡಬೇಕು ಅಂದರು. ಅಪ್ಪ ಜಗಲಿ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

"ಎಷ್ಟು ಮೇಷ್ಟ್ರೇ?" ಅಂದೆ.

"ಬೇರೆಯವರಿಗೆ ಇಪ್ಪತ್ತು. ನೀವು ಟಿವಿಯವರು ಅಲ್ವಾ, ಇಪ್ಪತ್ತೈದು ಹಾಕ್ಕೊಂಡಿದೀನಿ" ಅಂದರು. "ಅರ್ಧ ಮುಂಗಡ ಈಗ್ಲೇ ಕೊಟ್ಬುಡಿ. ಇನ್ನರ್ಧ ಬಣ್ಣ ಹಚ್ಚೋ ಮುಂಚೆ."