ಅದು ಚೆಕ್ ಅಲ್ಲ ಕಣಪ್ಪಾ! ಅಟಾಮಿಕ್ ಚೆಸ್‌ನಲ್ಲಿ ರಾಜನನ್ನು ಉಳಿಸಿಕೊಳ್ಳುವುದು ಹೇಗೆ?

ಭಾನುವಾರ ಸಂಜೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಇಬ್ಬರು ಹುಡುಗರು ಅಟಾಮಿಕ್ ಚೆಸ್, ಅಂದರೆ ಕಾಯಿ ಹೊಡೆದಾಗಲೆಲ್ಲ ಅಲ್ಲಿ ಸ್ಫೋಟವಾಗುವ ಚೆಸ್, ಆಡುತ್ತಿದ್ದರು. ಒಬ್ಬ ರಾಣಿಯನ್ನು ಟಕ್ ಅಂತ ಕುಕ್ಕಿ 'ಚೆಕ್' ಅಂದ. ಇನ್ನೊಬ್ಬ ಗಾಬರಿಯಲ್ಲಿ ರಾಜನನ್ನು ಓಡಿಸಿದ, ಮೂರೇ ನಡೆಗೆ ಸೋತ. ಅಲ್ಲಿ ಚೆಕ್ಕೇ ಇರಲಿಲ್ಲ! ರಾಜರಿಬ್ಬರೂ ಅಕ್ಕಪಕ್ಕ ನಿಂತಿದ್ದರು. ಈ ತಪ್ಪು ನೋಡಿ ನೋಡಿ ಸಾಕಾಗಿದೆ.

ಮೊದಲು, ಕಾಯಿ ಜೋಡಿಸಿ. ಮಾಮೂಲಿ ಚೆಸ್‌ನಂತೆಯೇ.

ಎರಡು, ಹೊಡೆದಲ್ಲಿ ಸ್ಫೋಟ. ಹೊಡೆದ ಕಾಯಿ, ಹೊಡೆಸಿಕೊಂಡ ಕಾಯಿ ಎರಡನ್ನೂ ತೆಗೆಯಿರಿ. ಸುತ್ತಲಿನ ಎಂಟು ಮನೆಗಳಲ್ಲಿ ಇರುವುದನ್ನೂ ತೆಗೆಯಿರಿ, ನಿಮ್ಮದಾದರೂ ಸರಿ. ಪಕ್ಕದಲ್ಲಿದ್ದ ಕಾಲಾಳುಗಳು ಮಾತ್ರ ಉಳಿಯುತ್ತವೆ. ಎದುರಾಳಿಯ ರಾಜ ಸಿಡಿದರೆ ಗೆಲುವು, ಚೆಕ್‌ಮೇಟ್ ಆದರೂ ಗೆಲುವು. ನಿಮ್ಮ ರಾಜನನ್ನು ನೀವೇ ಸಿಡಿಸುವಂತಿಲ್ಲ. (ಜಾತ್ರೆಯಲ್ಲಿ ಸಿಗುವ ಪುಟಾಣಿ ಮ್ಯಾಗ್ನೆಟ್ ಬೋರ್ಡ್ ಬೇಡವೇ ಬೇಡ. ಒಂದು ಕಾಯಿ ಎತ್ತಿದರೆ ಪಕ್ಕದ್ದೂ ಜೊತೆಗೇ ಬರುತ್ತದೆ. ಸುತ್ತಿಡುವ ರೆಕ್ಸಿನ್ ಹಾಸು ತಗೊಳ್ಳಿ.)

ಮೂರು, ರಾಜನ ಪಕ್ಕ ರಾಜ. ಎಲ್ಲರೂ ಎಡವುವುದು ಇಲ್ಲೇ. ಹೊಡೆದವನೂ ಸಿಡಿಯುವುದರಿಂದ ಈ ಆಟದಲ್ಲಿ ರಾಜ ಏನನ್ನೂ ಹೊಡೆಯುವಂತಿಲ್ಲ. ಹಾಗಾಗಿ ಎದುರಾಳಿ ರಾಜನ ಮಗ್ಗುಲಲ್ಲೇ ಧೈರ್ಯವಾಗಿ ನಿಲ್ಲಬಹುದು. ಬಿಳಿ ರಾಜ ಇ4ರಲ್ಲಿ, ಕಪ್ಪು ರಾಜ ಇ5ರಲ್ಲಿ ಅಂದುಕೊಳ್ಳಿ (ಬಿಳಿಯ ಕಡೆಯಿಂದ ನೋಡಿದರೆ ಉದ್ದ ಸಾಲುಗಳು ಎಡದಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್; ಅಡ್ಡ ಸಾಲುಗಳು ಕೆಳಗಿನಿಂದ 1ರಿಂದ 8). ಬಿಳಿ ರಾಣಿ ಎ5ರಿಂದ ಗುರಿಯಿಟ್ಟಿದೆ, ನಡುವೆ ಯಾರೂ ಇಲ್ಲ. ಆದರೂ ಚೆಕ್ ಅಲ್ಲ. ರಾಣಿ ಇ5ಕ್ಕೆ ಹೊಡೆದರೆ ತನ್ನ ರಾಜನೂ ಹೋಗುತ್ತಾನೆ, ಅಲ್ವಾ? ಸೋಲುತ್ತಿರುವವರು ಓಡಿಹೋಗಿ ಎದುರಾಳಿ ರಾಜನಿಗೆ ಅಂಟಿಕೊಳ್ಳುವುದು ಇದಕ್ಕೇ.

ಅಂತ ಸುಮ್ನೆ ಕೂರಬೇಡಿ. ಕಪ್ಪು ರಾಜನ ಬೆನ್ನ ಹಿಂದೆ, ಇ6ರಲ್ಲಿ, ಅವನದೇ ಕುದುರೆ ಇದೆ ಅನ್ನಿ. ಬಿಳಿ ಅದನ್ನು ಹೊಡೆದರೆ ಸ್ಫೋಟ ಇ5ಕ್ಕೆ ತಗಲುತ್ತದೆ, ಇ4ಕ್ಕೆ ತಗಲುವುದಿಲ್ಲ. ಕಪ್ಪಿನ ಕಥೆ ಮುಗಿಯಿತು. ಡಿ6, ಎಫ್6ರಲ್ಲೂ ಇದೇ ಅಪಾಯ. ಅಲ್ಲಿ ಬರೀ ಕಾಲಾಳು ಇದ್ದರೂ ಅಷ್ಟೇ. ಇದು ಚೆಕ್ ಲೆಕ್ಕಕ್ಕೆ ಬಾರದು, ಯಾರೂ ಎಚ್ಚರಿಸುವುದಿಲ್ಲ. ಅದೇ ಡಿ5 ಅಥವಾ ಎಫ್5ರಲ್ಲಿ ಹೊಡೆದರೆ ರಾಜರಿಬ್ಬರೂ ಸಿಡಿಯುತ್ತಾರೆ, ಆ ನಡೆಗೇ ಅವಕಾಶವಿಲ್ಲ. ರಾಜನ ಬೆನ್ನಿಗೆ ಕಾವಲು ಇಡುವ ಹಳೇ ಚಾಳಿ ಬಿಡಿ. ಬೆನ್ನು ಖಾಲಿ ಇದ್ದಷ್ಟೂ ಒಳ್ಳೆಯದು.

ಇನ್ನೊಂದು. ಬಿಳಿ ರಾಜ ಇ3ಕ್ಕೆ ಜಾರಿಕೊಂಡರೆ ಆ ರಾಣಿಯ ಚೆಕ್ ತಕ್ಷಣ ನಿಜವಾಗುತ್ತದೆ. ಕಪ್ಪು ರಾಜ ಇ4ಕ್ಕೆ ನುಗ್ಗಿ ಮತ್ತೆ ಅಂಟಿಕೊಳ್ಳಲಿ.

ನಾಲ್ಕು, ನಿಮಗೆ ಚೆಕ್ ಬಿದ್ದಿದ್ದರೂ ಎದುರಾಳಿಯ ರಾಜನನ್ನು ಸಿಡಿಸುವ ನಡೆ ಇದ್ದರೆ ಆಡಿಬಿಡಿ. ಗೆಲುವು ನಿಮ್ಮದೇ.

1995ರಲ್ಲಿ ಜರ್ಮನಿಯ ಇಂಟರ್‌ನೆಟ್ ಚೆಸ್ ಸರ್ವರ್ ಒಂದರಲ್ಲಿ ಶುರುವಾದ ಆಟವಿದು. ಈಗ ಲಿಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ ಪುಕ್ಕಟೆ ಆಡಬಹುದು. ಆದರೆ ಮೊದಲ ಹತ್ತು ಆಟ ಬೋರ್ಡ್ ಮೇಲೇ ಆಡಿ. ಮೊಬೈಲು ತಪ್ಪು ನಡೆಯನ್ನು ತಡೆಯುತ್ತದೆಯೇ ಹೊರತು ಯಾಕೆ ಅಂತ ಹೇಳುವುದಿಲ್ಲ.