ಶಾಂಪೂ ಬಾಟಲಿ ಎಸೆಯಬೇಡಿ, ಮೊದಲು ಮುಗಿಸಿ

ಬಚ್ಚಲಲ್ಲಿರುವ ಶಾಂಪೂ, ಕಂಡೀಷನರ್, ಬಾಡಿ ವಾಶ್ ಎಲ್ಲವನ್ನೂ ಒಂದೇ ದಿನ ಕಸಕ್ಕೆ ಹಾಕಿ, ನಾಳೆಯಿಂದ ನಾನೂ ಅಜ್ಜಿ ಥರ ಸೀಗೇಕಾಯಿ ಅಂತ ಹೊರಟವರು ಒಂದು ತಿಂಗಳು ದಾಟಿದ್ದನ್ನು ನಾನು ನೋಡಿಲ್ಲ. ನಾನೂ ದಾಟಲಿಲ್ಲ. ನಾಲ್ಕು ವರ್ಷದ ಹಿಂದೆ ಹನ್ನೊಂದು ಥರದ ಪುಡಿ ತರಿಸಿದೆ, ಒಂದೊಂದು ಚಮಚ ಕಲಸಿದೆ, ಭಾನುವಾರ ತಲೆಗೆ ಮೆತ್ತಿಕೊಂಡೆ. ಸೋಮವಾರ ಆಫೀಸಿನಲ್ಲಿ ತಲೆ ಕೆರೆದುಕೊಂಡರೆ ಕೀಬೋರ್ಡ್ ಮೇಲೆಲ್ಲ ಕಂದು ಪುಡಿ. ಪಕ್ಕದವಳು ‘ಏನೇ ಇದು, ಸಾರಿನ ಪುಡೀನಾ?’ ಅಂದಳು. ಅತ್ತ ಬಾಡಿಗೆ ಮನೆಯ ಬಚ್ಚಲ ಜಾಲರಿ ಕಟ್ಟಿಕೊಂಡು ನೀರು ಹಾಲ್‌ವರೆಗೆ ಬಂದಿತ್ತು.

ಆಮೇಲೆ ನಿಧಾನವಾಗಿ ಗೊತ್ತಾಯಿತು, ತಪ್ಪು ಪುಡಿಯದಲ್ಲ. ಅಜ್ಜಿಗೆ ಹಂಡೆ ತುಂಬ ಬಿಸಿನೀರಿತ್ತು, ಇಡೀ ಬೆಳಗ್ಗೆ ಪುರುಸೊತ್ತಿತ್ತು, ಹಿಂದೆ ನಿಂತು ಚೊಂಬಿನಲ್ಲಿ ನೀರು ಹುಯ್ಯೋಕೆ ಒಬ್ಬರಿದ್ದರು. ನಮಗೆ ಇರುವುದು ಒಂದು ಶವರ್ ಮತ್ತು ಹದಿನೈದು ನಿಮಿಷ. ಆ ಹದಿನೈದು ನಿಮಿಷಕ್ಕೆ ಹೊಂದೋ ಹಾಗೆ ಮಾಡಿಕೊಂಡರೆ ಮಾತ್ರ ಇದು ನಡೆಯುತ್ತದೆ.

ಹಾಗಾಗಿ ಮೊದಲನೇ ಕೆಲಸ ಇಷ್ಟೇ. ಈಗಿರುವ ಬಾಟಲಿ ಮುಗಿಸಿ. ಅದು ಮುಗಿದಾಗ ಒಂದೇ ಒಂದನ್ನು ಬದಲಾಯಿಸಿ. ತಲೆಗೆ ಹಾಕೋದನ್ನೋ, ಮೈಗೆ ಹಚ್ಚೋದನ್ನೋ. ಎರಡೂ ಒಟ್ಟಿಗೆ ಬದಲಾಯಿಸಿ ಮೈಮೇಲೆ ಗುಳ್ಳೆ ಎದ್ದರೆ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ?

ತಲೆಯಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಸೋಲುವುದು ಅಲ್ಲೇ. ಸೀಗೇಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಅನ್ನುವ ಪದಾರ್ಥ ಇರುತ್ತದೆ. ಎಣ್ಣೆ, ಕೊಳೆಯನ್ನು ಹಿಡಿದು ನೀರಿಗೆ ಬಿಡುವ ಕೆಲಸ ಅದರದ್ದು. ಸೋಪು ಕ್ಷಾರ, ಅದರ ಪಿಎಚ್ (ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) 9ರಿಂದ 10ರ ಆಸುಪಾಸು ಇರುತ್ತದೆ. ನಮ್ಮ ಚರ್ಮ ಸ್ವಲ್ಪ ಹುಳಿಯ ಕಡೆಗೆ, ಸುಮಾರು 5. ಸೀಗೇಕಾಯಿಯ ನೀರೂ ಹುಳಿಯ ಕಡೆಗೇ ಇರುವುದರಿಂದ ಕೂದಲು ಅಷ್ಟು ಸಿಕ್ಕಾಗುವುದಿಲ್ಲ. ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಲಾಭ ಇದೆ: ಗಡಸು ನೀರಿನಲ್ಲಿ ಸೋಪು ಬಿಳಿ ಗಸಿ ಕಟ್ಟಿ ಕೂದಲಿಗೆ ಅಂಟುತ್ತದಲ್ಲ, ಆ ಕಾಟ ಇದರಲ್ಲಿಲ್ಲ.

ಸೋಡಾ ಪುಡಿ ಹಾಕಿ ತಲೆ ತೊಳೆಯೋ ಉಪಾಯ ಎಲ್ಲಾದರೂ ನೋಡಿದ್ದರೆ ಮರೆತುಬಿಡಿ. ಅದೂ ಕ್ಷಾರವೇ. ಅಡುಗೆಮನೆಯಲ್ಲಿ ಇರುವುದೆಲ್ಲ ತಲೆಗೆ ಒಳ್ಳೆಯದು ಅಂತೇನಿಲ್ಲ.

ಶವರ್‌ನವರಿಗೆ ನಾನು ಹೇಳುವುದು ಪುಡಿ ಅಲ್ಲ, ಕುದಿಸಿದ ನೀರು. ಭುಜ ದಾಟದ ಕೂದಲಿಗೆ ಒಂದು ಸ್ನಾನಕ್ಕೆ ಐದಾರು ಅಂಟುವಾಳ, ನಾಲ್ಕು ಸೀಗೇಕಾಯಿ, ಒಂದು ಚಮಚ ಮೆಂತ್ಯ ಸಾಕು. ಅಂಟುವಾಳದ ಬೀಜ ತೆಗೆಯಿರಿ, ಕೆಲಸ ಮಾಡುವುದು ಸಿಪ್ಪೆ ಮಾತ್ರ. ರಾತ್ರಿ ಎರಡು ಲೋಟ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ. ಪಾತ್ರೆ ದೊಡ್ಡದಿರಲಿ, ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ, ಒಮ್ಮೆ ಒಲೆ ಮೇಲೆ ಬಿದ್ದರೆ ಎಷ್ಟು ಒರೆಸಿದರೂ ನೊರೆ ಬರುತ್ತಲೇ ಇರುತ್ತದೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಹುಣಸೆಹಣ್ಣು ಕಿವುಚೋ ಹಾಗೆ. ಒಮ್ಮೆ ಟೀ ಸೋಸುವ ಜಾಲರಿಯಲ್ಲಿ, ಇನ್ನೊಮ್ಮೆ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ಟೀ ಬಣ್ಣದ, ಸ್ವಲ್ಪ ಲೋಳೆಯಾದ ನೀರು ಸಿಗುತ್ತದೆ. ಮೆಂತ್ಯ ಹಾಕುವುದು ಆ ಲೋಳೆಗೇ. ಕಂಡೀಷನರ್ ಕೆಲಸವನ್ನು ಅದೇ ಮಾಡುತ್ತದೆ.

ಇದು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಅಷ್ಟೇ. ಹುಳಿ ವಾಸನೆ ಬಂದರೆ ಗಿಡದ ಬುಡಕ್ಕೂ ಬೇಡ, ಚೆಲ್ಲಿ. ಪ್ರತಿ ಸಲ ಕುದಿಸೋಕೆ ಬೇಜಾರಾದರೆ ಜಾಸ್ತಿ ಮಾಡಿ ಐಸ್ ಟ್ರೇಗೆ ಹುಯ್ಯಿರಿ, ನಾನು ಈಗ ಅದನ್ನೇ ಮಾಡುವುದು. ಟ್ರೇ ಮೇಲೆ ಹೆಸರು ಬರೆದಿಡಿ. ನಮ್ಮ ಮನೆಯವರು ಒಮ್ಮೆ ಪಾನಕಕ್ಕೆ ಹಾಕಿಕೊಂಡು ಇಡೀ ಸಂಜೆ ಬಾಯಿ ತೊಳೆದರು.

ತೊಳೆಯುವಾಗ ಕೂದಲು ಪೂರ್ತಿ ಒದ್ದೆಯಿರಲಿ. ಹಳೇ ಶಾಂಪೂ ಬಾಟಲಿಯಲ್ಲಿ ತುಂಬಿಕೊಂಡು ಸೀದಾ ನೆತ್ತಿಗೆ, ಬೈತಲೆ ಬೈತಲೆಯಾಗಿ ಹಾಕಿ. ತುದಿಗೆ ಉಜ್ಜೋದು ಬೇಡ, ಇಳಿದು ಬರುವ ನೀರೇ ಸಾಕು. ನೊರೆ ಕಡಿಮೆ ಬರುತ್ತದೆ. ನೊರೆ ಬರಲಿಲ್ಲ ಅಂದರೆ ಕೊಳೆ ಹೋಗಲಿಲ್ಲ ಅಂತಲ್ಲ, ಅದು ಜಾಹೀರಾತು ನಮ್ಮ ತಲೆಗೆ ತುಂಬಿದ ಲೆಕ್ಕ. ಎರಡು ನಿಮಿಷ ಬೆರಳ ತುದಿಯಿಂದ ತಿಕ್ಕಿ, ತೊಳೆದು, ಇನ್ನೊಮ್ಮೆ ಹಾಕಿ. ಮತ್ತೆ, ಕಣ್ಣು ಮುಚ್ಚಿಕೊಳ್ಳಿ. ನಿಜವಾಗಿ ಮುಚ್ಚಿಕೊಳ್ಳಿ. ಅಂಟುವಾಳ ಕಣ್ಣಿಗೆ ಹೋದರೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯುತ್ತದೆ, ಬರೀ ತಣ್ಣೀರಿನಲ್ಲಿ ತೊಳೆಯುತ್ತಾ ಇರಬೇಕು. ಅದಕ್ಕೇ ಚಿಕ್ಕ ಮಕ್ಕಳಿಗೆ ಇದನ್ನು ಹಾಕಬೇಡಿ.

ಮೊದಲ ಎರಡು ಮೂರು ವಾರ ಕೂದಲು ಒರಟು ಅನ್ನಿಸುತ್ತದೆ. ತುಂಬಾ ಶಾಂಪೂ, ಕಂಡೀಷನರ್‌ಗಳಲ್ಲಿ ಸಿಲಿಕೋನ್ ಇರುತ್ತದೆ, ಅದು ಕೂದಲಿನ ಮೇಲೆ ನಯವಾದ ಪದರ ಕೂರಿಸುತ್ತದೆ. ಆ ಪದರ ಹೋದ ಮೇಲೆ ಕೈಗೆ ಸಿಗುವುದು ನಿಮ್ಮ ಸ್ವಂತ ಕೂದಲು. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಒಂದು ತಿಂಗಳು ನೋಡಿ. ಆಮೇಲೂ ಒಣ ಹುಲ್ಲಿನ ಥರವೇ ಇದ್ದರೆ ಅಂಟುವಾಳ ಅರ್ಧ ಮಾಡಿ, ಮೆಂತ್ಯ ಜಾಸ್ತಿ ಮಾಡಿ. ಆಗಲೂ ಹೊಂದದಿದ್ದರೆ ಸೌಮ್ಯ ಶಾಂಪೂಗೇ ವಾಪಸ್ ಹೋಗಿ, ಯಾರೂ ಬಂದು ಕೇಳುವುದಿಲ್ಲ.

ಪುಡಿಯೇ ಬೇಕು, ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುತ್ತೇನೆ ಅನ್ನುವವರಿಗೆ ನನ್ನ ಅಳತೆ ಇದು: ಸೀಗೇಕಾಯಿ ಅರ್ಧ ಕೆಜಿ, ಬೀಜ ತೆಗೆದ ಅಂಟುವಾಳ 100 ಗ್ರಾಂ, ಮೆಂತ್ಯ 100 ಗ್ರಾಂ, ಹೆಸರುಕಾಳು 100 ಗ್ರಾಂ, ನೆರಳಲ್ಲಿ ಒಣಗಿಸಿದ ದಾಸವಾಳ ಮತ್ತು ಕರಿಬೇವು ಒಂದೊಂದು ಹಿಡಿ. ಎಲ್ಲ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಇದಕ್ಕೆ ಆನ್‌ಲೈನ್‌ನ ಚಂದದ ಡಬ್ಬಿ ಬೇಡ. ಕಾಯಿಗಳನ್ನು ಎರಡು ಮೂರು ದಿನ ಒಳ್ಳೆ ಬಿಸಿಲಿಗೆ ಹಾಕಿ, ಮುರಿದರೆ ಟಕ್ ಅನ್ನಬೇಕು, ಬಗ್ಗಿದರೆ ಇನ್ನೂ ಒಣಗಿಲ್ಲ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮಿಕ್ಸಿಯಲ್ಲಿ ಆಗುವುದಿಲ್ಲ ಅಂತಲ್ಲ, ಆದರೆ ಬ್ಲೇಡು ಹಾಳಾಗುತ್ತದೆ, ಮನೆಮಂದಿಯೆಲ್ಲ ಸೀನುತ್ತಾರೆ. ಮಿಲ್ಲಿಗೇ ಕೊಡಿ. ಎಲ್ಲ ಮಿಲ್ಲಿನವರೂ ಒಪ್ಪುವುದಿಲ್ಲ, ಅದೂ ಸರಿಯೇ, ನಿಮ್ಮ ಹಿಂದೆ ರಾಗಿ ಹಾಕಿಸುವವರ ಮುದ್ದೆ ಕಹಿಯಾಗುತ್ತದಲ್ವಾ. ಸೀಗೇಕಾಯಿಗೇ ಬೇರೆ ಮಿಷನ್ ಇಟ್ಟಿರುವ ಕಡೆ ಕೇಳಿಕೊಂಡು ಹೋಗಿ. ಮನೆಗೆ ತಂದ ಮೇಲೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನನ್ನ ಕೀಬೋರ್ಡ್ ಕಥೆ ಆಗಿದ್ದು ಈ ಕೆಲಸ ಬಿಟ್ಟಿದ್ದಕ್ಕೇ. ಜರಡಿಯಲ್ಲಿ ಉಳಿದ ತರಿ ಹಿತ್ತಾಳೆ ಪಾತ್ರೆ ತಿಕ್ಕೋಕೆ ಆಗುತ್ತದೆ.

ನಮ್ಮ ತವರು ಮಂಡ್ಯ ಕಡೆ. ಅಲ್ಲಿ ಎಣ್ಣೆಸ್ನಾನಕ್ಕೆ ಸೀಗೇಕಾಯಿಯಷ್ಟೇ ಬಳಕೆಯಲ್ಲಿದ್ದದ್ದು ಚಿಗರೆ ಪುಡಿ, ಮರದ ಎಲೆ ಒಣಗಿಸಿ ಮಾಡುವ ಹಸಿರು ಪುಡಿ. ಎಣ್ಣೆ ಚೆನ್ನಾಗಿ ತೆಗೆಯುತ್ತದೆ, ತಲೆ ತಂಪಾಗುತ್ತದೆ. ಮದುವೆಯಾಗಿ ಬಂದಿದ್ದು ಶಿರಸಿ ಕಡೆಯವರ ಮನೆಗೆ. ನಮ್ಮತ್ತೆ ಚಿಗರೆ ಪುಡಿ ಮೂಸಿ ನೋಡಿ ಮುಖ ಕಿವುಚಿದರು. ಅವರದು ಗೊಂಪು. ಹಿತ್ತಲಿನ ಬಿಳಿ ದಾಸವಾಳದ ಹತ್ತು ಹದಿನೈದು ಎಲೆ ತಂದು, ಬೋಗುಣಿಯಲ್ಲಿ ಸ್ವಲ್ಪ ನೀರು ಹಾಕಿ, ಕೈಯಲ್ಲಿ ಒಂದೇ ಸಮನೆ ಹಿಸುಕುತ್ತಾರೆ. ಐದು ನಿಮಿಷಕ್ಕೆ ನೀರು ಹಸಿರು ಲೋಳೆಯಾಗಿ ಬೆರಳಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಎಲೆಯ ಚರಟ ಹಿಂಡಿ ತೆಗೆದು ಲೋಳೆ ಮಾತ್ರ ತಲೆಗೆ. ಎಣ್ಣೆ ಹಚ್ಚದ ದಿನ ಇದೊಂದೇ ಸಾಕು, ಬೇರೇನೂ ಬೇಡ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಂದು ಕುಂಡ ದಾಸವಾಳ ಇಟ್ಟರೆ ನಿಮಗೂ ಸಾಧ್ಯ. ಒಂದೇ ಎಚ್ಚರಿಕೆ, ನೆಲ ಭಯಂಕರ ಜಾರುತ್ತದೆ. ಸ್ನಾನ ಮುಗಿದ ತಕ್ಷಣ ಬಚ್ಚಲು ತಿಕ್ಕಿ ಬನ್ನಿ, ನಿಮ್ಮ ನಂತರ ಹೋಗುವವರು ವಯಸ್ಸಾದವರಾದರೆ ಇದು ತಮಾಷೆಯಲ್ಲ.

ಈಗ ಎಣ್ಣೆ. ಅರ್ಧ ಲೀಟರ್ ಗಾಣದ ಕೊಬ್ಬರಿ ಎಣ್ಣೆಗೆ ಎರಡು ಹಿಡಿ ಕರಿಬೇವು, ನಾಲ್ಕೈದು ದಾಸವಾಳ, ಒಂದು ಚಮಚ ಮೆಂತ್ಯ. ಸೊಪ್ಪು ತೊಳೆದ ಮೇಲೆ ಒಂದು ದಿನವಾದರೂ ನೆರಳಲ್ಲಿ ಆರಬೇಕು. ದಪ್ಪ ತಳದ ಬಾಣಲೆ, ಸಣ್ಣ ಉರಿ. ಇಲ್ಲಿ ಗಡಿಯಾರ ನೋಡಬೇಡಿ, ಕಿವಿ ಕೊಡಿ. ಶುರುವಿನಲ್ಲಿ ಚಟಪಟ ಜೋರಾಗಿರುತ್ತದೆ, ಅದು ಎಲೆಯ ನೀರು ಹೋಗುತ್ತಿರುವ ಸದ್ದು. ಸದ್ದು ಸಣ್ಣಗಾಗಿ ಪೂರ್ತಿ ನಿಂತಾಗ, ಎಲೆ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುವಾಗ, ಒಲೆ ಆರಿಸಿ. ಮುಂಚೆ ಇಳಿಸಿದರೆ ನೀರಿನಂಶ ಉಳಿದು ವಾರದಲ್ಲೇ ಕಮಟು ವಾಸನೆ. ತಡಮಾಡಿದರೆ ಸೀದ ವಾಸನೆ. ಆರಿಸಿ, ಸೋಸಿ, ಒಣಗಿದ ಗಾಜಿನ ಬಾಟಲಿಗೆ ಹಾಕಿ.

ಈ ಎಣ್ಣೆ ಬೋಳು ತಲೆಯಲ್ಲಿ ಕೂದಲು ಬರಿಸುವುದಿಲ್ಲ. ಯಾವ ಎಣ್ಣೆಯೂ ಬರಿಸುವುದಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಸ್ವಲ್ಪ ಇಳಿದು, ತೊಳೆಯುವಾಗ, ಬಾಚುವಾಗ ಆಗುವ ಸವಕಳಿ ತಡೆಯುತ್ತದೆ, ಅಷ್ಟು ನಿಜ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ದಿನಕ್ಕೆ 50ರಿಂದ 100 ಉದುರುವುದು ಮಾಮೂಲು. ಇದ್ದಕ್ಕಿದ್ದ ಹಾಗೆ ಹಿಡಿ ಹಿಡಿ ಬಂದರೆ ಎಣ್ಣೆ ಕಾಯಿಸುತ್ತಾ ಕೂರಬೇಡಿ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ತಲೆಹೊಟ್ಟು ಇದ್ದಾಗಲೂ ಎಣ್ಣೆ ಸುರಿಯುವುದು ತಪ್ಪು. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಬದುಕುವುದೇ ನೆತ್ತಿಯ ಜಿಡ್ಡಿನ ಮೇಲೆ. ನಾವು ಅದಕ್ಕೆ ಇನ್ನೊಂದಿಷ್ಟು ಊಟ ಬಡಿಸಿದ ಹಾಗೆ.

ಮೈಗೆ ಹಚ್ಚುವ ಪುಡಿ ಸುಲಭ, ಜಾಸ್ತಿ ಹೇಳುವುದಿಲ್ಲ. ಹೆಸರುಕಾಳು ಮತ್ತು ಕಡಲೆಬೇಳೆ ಕಾಲು ಕೆಜಿ ಕಾಲು ಕೆಜಿ, ಕಚೋರ 50 ಗ್ರಾಂ, ಕಸ್ತೂರಿ ಅರಿಶಿನ 25 ಗ್ರಾಂ, ಇಷ್ಟವಿದ್ದರೆ ಲಾವಂಚದ ಬೇರು, ಒಣ ಗುಲಾಬಿ ದಳ. ಅಡುಗೆ ಅರಿಶಿನ ಹಾಕಿದರೆ ಟವೆಲ್ಲು, ಬನಿಯನ್ನು ಎಲ್ಲ ಹಳದಿ. ನುಣ್ಣಗೆ ಬೀಸಿಸಿ, ಜರಡಿ ಹಿಡಿದು, ತಿಂಗಳಿಗೆ ಆಗುವಷ್ಟು ಮಾತ್ರ ಹೊರಗಿಡಿ. ಬೇಳೆ ಪುಡಿಯಲ್ವಾ, ಹುಳ ಬರುತ್ತದೆ. ಡಬ್ಬಿಯನ್ನು ಬಚ್ಚಲಲ್ಲಿ ಇಡಬೇಡಿ, ಒದ್ದೆ ಕೈ ಹಾಕಬೇಡಿ. ಸ್ನಾನಕ್ಕೆ ಹೋಗುವಾಗ ಬಟ್ಟಲಲ್ಲಿ ಎರಡು ಚಮಚ ತೆಗೆದುಕೊಂಡು ಹೋಗಿ, ಅಲ್ಲೇ ನೀರು ಅಥವಾ ಮೊಸರಲ್ಲಿ ಕಲಸಿ. ಜೋರಾಗಿ ಉಜ್ಜುವ ಅಗತ್ಯವಿಲ್ಲ. ಮುಖಕ್ಕಂತೂ ಬೇಡವೇ ಬೇಡ.

ಬೆವರು ವಾಸನೆಗೆ ಪಟಿಕದ ಕಲ್ಲು. ಕ್ಷೌರದ ಅಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಅದೇ. ಸ್ನಾನವಾದ ಮೇಲೆ ಒದ್ದೆ ಮಾಡಿ ಕಂಕುಳಿಗೆ ಎರಡು ಸಲ ಎಳೆದರೆ ಸಾಕು. ಬೆವರು ನಿಲ್ಲುವುದಿಲ್ಲ, ವಾಸನೆ ಕಡಿಮೆಯಾಗುತ್ತದೆ.

ನಾನು ಮನೆಯಲ್ಲಿ ಮಾಡಿಕೊಳ್ಳದೇ ಇರುವುದೂ ಇದೆ. ಸನ್‌ಸ್ಕ್ರೀನ್ ಅಂಗಡಿಯದೇ, ಕೊಬ್ಬರಿ ಎಣ್ಣೆ ಬಿಸಿಲು ತಡೆಯುವುದಿಲ್ಲ. ನಿಂಬೆಹಣ್ಣು ಮುಖಕ್ಕೆ ಉಜ್ಜಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯುತ್ತದೆ, ಬಿಳುಪಿನ ಆಸೆಗೆ ಮಾಡಿಕೊಂಡವರನ್ನು ನೋಡಿದ್ದೇನೆ. ಲೋಳೆಸರದ ತಿರುಳನ್ನು ಡಬ್ಬಿಯಲ್ಲಿ ತುಂಬಿ ತಿಂಗಳುಗಟ್ಟಲೆ ಇಡುವುದೂ ಬೇಡ. ನೀರಿನಂಶ ಇರುವುದೆಲ್ಲ ಕೆಡುತ್ತದೆ, ಬೂಸಲು ಕಣ್ಣಿಗೆ ಕಾಣುವ ಮುಂಚೆಯೇ ಕೆಟ್ಟಿರುತ್ತದೆ. ತಲೆಗೆ ಬಣ್ಣ ಬೇಕಾದರೆ ಬರೀ ಮದರಂಗಿ ಸೊಪ್ಪಿನ ಪುಡಿ, ಟೀ ಡಿಕಾಕ್ಷನ್. ಅದು ಕೆಂಪೇ ಬರುತ್ತದೆ. ‘ಕಪ್ಪು ಮೆಹಂದಿ’ ಅಂತ ಬರೆದಿದ್ದರೆ ಹಿಂದೆ ತಿರುಗಿಸಿ ಓದಿ, ಬಹಳ ಸಲ ಅದರಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಕೆಲವರಿಗೆ ಅದರಿಂದ ಮುಖವೇ ಊದಿಕೊಳ್ಳುತ್ತದೆ. ಮನೆಯದ್ದಾಗಲಿ ಅಂಗಡಿಯದ್ದಾಗಲಿ, ಹೊಸದು ಯಾವುದನ್ನೇ ಆದರೂ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಎರಡು ದಿನ ನೋಡಿ. ಗಿಡದ್ದು ಅಂತ ಅಲರ್ಜಿ ಸುಮ್ಮನಿರುವುದಿಲ್ಲ.

ಬಚ್ಚಲ ಜಾಲರಿ ಮೇಲೆ ಹಳೇ ಕಾಲುಚೀಲದ ತುಂಡೊಂದನ್ನು ಹಾಕಿಡಿ, ಪುಡಿ ಅಲ್ಲೇ ನಿಲ್ಲುತ್ತದೆ. ಕುದಿಸಿ ಕಿವುಚಿದ ಅಂಟುವಾಳದ ಸಿಪ್ಪೆಯಲ್ಲಿ ಇನ್ನೂ ಸ್ವಲ್ಪ ನೊರೆ ಉಳಿದಿರುತ್ತದೆ, ನಾನು ಅದರಲ್ಲೇ ಬಾಚಣಿಗೆ, ಆಮೇಲೆ ದೇವರ ಮನೆಯ ಬೆಳ್ಳಿ ದೀಪ ತೊಳೆಯುತ್ತೇನೆ. ಉಳಿಯುವುದು ಬೀಜ, ಕರ್ರಗೆ ಗೋಲಿ ಥರ. ಅದನ್ನು ಮಗಳು ಅಳಗುಳಿಮಣೆಗೆ ಅಂತ ಡಬ್ಬಿಯಲ್ಲಿ ಕೂಡಿಡುತ್ತಿದ್ದಾಳೆ, ಮೊನ್ನೆ ಎಣಿಸಿದಾಗ ಇನ್ನೂ ಹನ್ನೆರಡು ಕಡಿಮೆ ಇತ್ತಂತೆ, ಅದಕ್ಕೇ ‘ಅಮ್ಮ, ತಲೆ ಸ್ನಾನ ಯಾವತ್ತು?’ ಅಂತ ದಿನಾ ಕೇಳುತ್ತಾಳೆ.